ಸೊಪ್ಪಿನಲ್ಲಿ ಉಳಿಸಿದ್ದು, ಸಹಿಯಲ್ಲಿ ಕಳೆದದ್ದು

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದುಂದುಗಾರರು ಕಡಿಮೆ. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ನಡೆಯುತ್ತದೆ, ಖಾಲಿಯಾದ ಬಾಟಲಿ ಸಾಸಿವೆ ಡಬ್ಬಿಯಾಗುತ್ತದೆ, ಅಣ್ಣನ ಅಂಗಿ ತಮ್ಮನಿಗೆ ಬರುತ್ತದೆ. ಇದು ದೊಡ್ಡ ಗುಣ. ಇದನ್ನು ಜಿಪುಣತನವೆಂದು ಹಗುರ ಮಾಡುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಇಷ್ಟು ಜತನದಿಂದ ಬದುಕಿದ ಕುಟುಂಬವೇ ಮಗಳ ಓದಿಗೋ ಆಸ್ಪತ್ರೆಯ ಬಿಲ್ಲಿಗೋ ಕೈ ಬರಿದಾಗಿ ನಿಂತಾಗ ಸಂಕಟವಾಗುತ್ತದೆ. ಎಲ್ಲಿ ಹೋಯಿತು ದುಡ್ಡು ಎಂದು ಹಿಂದಿನ ಕಾಗದ ತೆಗೆದು ನೋಡಿದರೆ ನಾಲ್ಕಾರು ಸಹಿಗಳು ಸಿಗುತ್ತವೆ: ಸಾಲದ ಅರ್ಜಿ, ವಿಮೆಯ ಫಾರಂ, ಲೀಸ್ ಕರಾರು, ಯಾರಿಗೋ ಹಾಕಿದ ಜಾಮೀನು.

ದಿನಕ್ಕೆ 20 ರೂಪಾಯಿಯ ಕಾಫಿ ಬಿಟ್ಟರೆ ವರ್ಷಕ್ಕೆ ಉಳಿಯುವುದು 7,300 ರೂಪಾಯಿ. ಕೇಳಿ ತಿಳಿಯದೆ ಹಾಕಿದ ಒಂದು ಸಹಿ ಅದರ ಹತ್ತು ಪಟ್ಟು ನುಂಗುತ್ತದೆ. ಆ ಸಹಿಗಳ ಹಿಂದೆ ಇರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

“ಬಡ್ಡಿ ಬರೀ ಶೇ 10, ಎಲ್ಲೂ ಇಷ್ಟು ಕಡಿಮೆ ಸಿಗಲ್ಲ”

ಬೈಕ್, ಹಳೇ ಕಾರು, ಪೀಠೋಪಕರಣಗಳ ಸಾಲದಲ್ಲಿ ಈ ಮಾತು ಹೆಚ್ಚು ಕೇಳಿಬರುತ್ತದೆ. ಕೇಳಬೇಕಾದ ಪ್ರಶ್ನೆ, ಶೇ 10 ಯಾವುದರ ಮೇಲೆ ಎಂದು.

ಫ್ಲಾಟ್ ದರದಲ್ಲಿ 1 ಲಕ್ಷ ರೂಪಾಯಿಯನ್ನು ಮೂರು ವರ್ಷಕ್ಕೆ ಪಡೆದರೆ ವರ್ಷಕ್ಕೆ 10 ಸಾವಿರದಂತೆ 30 ಸಾವಿರ ಬಡ್ಡಿ, ತಿಂಗಳ ಕಂತು ಸುಮಾರು 3,611. ಲೆಕ್ಕ ಸುಲಭ, ಆದ್ದರಿಂದಲೇ ಅನುಮಾನ ಬರುವುದಿಲ್ಲ. ಆದರೆ ಆ ಒಂದು ಲಕ್ಷ ನಿಮ್ಮ ಬಳಿ ಮೂರು ವರ್ಷ ಪೂರ್ತಿ ಇರುವುದೇ ಇಲ್ಲ. ಪ್ರತಿ ಕಂತಿನಲ್ಲೂ ಅಸಲು ಸ್ವಲ್ಪ ಸ್ವಲ್ಪ ವಾಪಸ್ ಹೋಗುತ್ತಿರುತ್ತದೆ. ಅರ್ಧ ಅಸಲು ತೀರಿಸಿದ ಮೇಲೂ ಬಡ್ಡಿ ಬೀಳುವುದು ಪೂರಾ ಲಕ್ಷದ ಮೇಲೆ. ಬ್ಯಾಂಕುಗಳು ಗೃಹಸಾಲಕ್ಕೆ ಹಾಕುವಂತೆ ಉಳಿದ ಅಸಲಿನ ಮೇಲೆ ಮಾತ್ರ ಶೇ 10 ಹಾಕಿದರೆ ಕಂತು 3,227 ಆಗುತ್ತದೆ, ಮೂರು ವರ್ಷದ ಒಟ್ಟು ಬಡ್ಡಿ 16 ಸಾವಿರ ಚಿಲ್ಲರೆ. ಎರಡೂ ಕಡೆ ಹೇಳುವುದು ಶೇ 10. ಮೊದಲನೆಯದರ ನಿಜವಾದ ದರ ಶೇ 18ರ ಹತ್ತಿರ.

“ಝೀರೋ ಬಡ್ಡಿ” ಕಂತಿನ ಕಥೆಯೂ ಇದಕ್ಕಿಂತ ದೂರವಿಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಪ್ರೊಸೆಸಿಂಗ್ ಶುಲ್ಕದಲ್ಲಿ ಇರುತ್ತದೆ, ಇಲ್ಲವೇ ರೊಕ್ಕ ಕೊಟ್ಟು ಕೊಂಡರೆ ಸಿಗುತ್ತಿದ್ದ ರಿಯಾಯಿತಿಯಲ್ಲಿ ಅಡಗಿರುತ್ತದೆ.

ಇಲ್ಲಿ ಗ್ರಾಹಕರ ಕೈಯಲ್ಲಿ ಒಂದು ಒಳ್ಳೆಯ ಹಕ್ಕಿದೆ, ಅದನ್ನು ಬಳಸುವವರು ಕಡಿಮೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳು ಹೊಸ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿ ನಮೂದಾಗಿರಬೇಕು. ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕೆಂಬುದೂ ನಿಯಮ. ಕನ್ನಡದಲ್ಲಿ ಕೊಡಿ ಎಂದು ಧೈರ್ಯವಾಗಿ ಕೇಳಿ, ಎಪಿಆರ್ ಸಾಲಿನ ಮೇಲೆ ಬೆರಳಿಟ್ಟು ಓದಿದ ಮೇಲೆ ಪೆನ್ನು ಹಿಡಿಯಿರಿ.

“ಭೋಗ್ಯಕ್ಕೆ ಹಾಕಿಕೊಂಡರೆ ಬಾಡಿಗೆ ಪುಕ್ಕಟೆ”

ಬೆಂಗಳೂರಿಗೆ ದುಡಿಯಲು ಬಂದವರ ದೊಡ್ಡ ಆಸರೆ ಈ ಭೋಗ್ಯ, ಆಡುಮಾತಿನ ಲೀಸ್. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಹಣ ವಾಪಸ್.

ಪುಕ್ಕಟೆ ಎಂಬುದು ಅರ್ಧ ಮಾತ್ರ ನಿಜ. 10 ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟಿದ್ದರೆ ವರ್ಷಕ್ಕೆ 70 ಸಾವಿರ ಬರುತ್ತಿತ್ತು, ತಿಂಗಳಿಗೆ ಸುಮಾರು 5,800. ಅದೇ ನಿಮ್ಮ ಬಾಡಿಗೆ. ಅಂಥದೇ ಮನೆಗೆ ಬೀದಿಯಲ್ಲಿ 12 ಸಾವಿರ ಬಾಡಿಗೆ ಇದ್ದರೆ ಭೋಗ್ಯ ಲಾಭವೇ ಸರಿ. ಶೇ 18ರ ಕೈಸಾಲ ತಂದು ಹಾಕಿದ್ದರೆ ಮಾತ್ರ ತಿಂಗಳಿಗೆ 15 ಸಾವಿರ ಬಡ್ಡಿಗೇ ಹೋಯಿತು.

ಬಡ್ಡಿಗಿಂತ ದೊಡ್ಡ ಚಿಂತೆ ಅಸಲಿನದು. ಮಾಲೀಕರು ಅದೇ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ ಬ್ಯಾಂಕಿನವರು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ಪಡೆಯಬಹುದು. ಆಗ ಸ್ಟಾಂಪ್ ಪೇಪರಿನ ಕರಾರು ಹಿಡಿದು ನಿಂತ ಬಾಡಿಗೆದಾರರ ಮಾತು ನಡೆಯುವುದು ಕಷ್ಟ. ಮಧ್ಯವರ್ತಿಯೊಬ್ಬ ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಇನ್ನೊಬ್ಬರಿಗೆ ಲಕ್ಷಗಟ್ಟಲೆಗೆ ಭೋಗ್ಯಕ್ಕೆ ಕೊಟ್ಟು ಮಾಯವಾಗುವ ಮೋಸವೂ ನಗರದಲ್ಲಿ ನಡೆದಿದೆ. ಜೀವಮಾನದ ಉಳಿತಾಯ ಹೀಗೆ ಹೋದವರಿಗೆ ಉಳಿಯುವುದು ಠಾಣೆ ಮತ್ತು ಕೋರ್ಟಿನ ಅಲೆದಾಟ.

ಆದ್ದರಿಂದ ಹಣ ಕೊಡುವ ಮುನ್ನ ಮೂರು ಕೆಲಸ ಮಾಡಿ. ಮಾಲೀಕರನ್ನೇ ಕಂಡು ಮಾತಾಡಿ, ಹಣ ಅವರ ಖಾತೆಗೇ ಹೋಗಲಿ. ಮನೆಯ ಮೂಲಪತ್ರ ತೋರಿಸಲು ಕೇಳಿ. ಮೂಲಪತ್ರ ಬ್ಯಾಂಕಿನಲ್ಲಿದ್ದರೆ ಜೆರಾಕ್ಸ್ ಮಾತ್ರ ಹೊರಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಕರಾರು ಒಂದು ವರ್ಷ ಮೀರುವುದಾದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ನೋಂದಣಿ ಬೇಡ, ಖರ್ಚು ದಂಡ ಎನ್ನುವ ಮಾಲೀಕರ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

“ಕಟ್ಟಿದ ದುಡ್ಡು ವಾಪಸ್ ಬರದ ವಿಮೆ ದಂಡ”

ವಿಮೆಯ ಏಜೆಂಟರು ಬಹಳ ಸಲ ನಮ್ಮ ನೆಂಟರೇ ಆಗಿರುತ್ತಾರೆ. ದಾಕ್ಷಿಣ್ಯಕ್ಕೆ ಮಾಡಿಸಿದ ಪಾಲಿಸಿ ಇಲ್ಲದ ಮನೆ ಅಪರೂಪ. ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 50 ಸಾವಿರದಂತೆ 20 ವರ್ಷ ಕಟ್ಟಿ, ಕೊನೆಗೆ ಬೋನಸ್ ಸೇರಿ 17 ಲಕ್ಷ 36 ಸಾವಿರ ಬಂತು ಅನ್ನಿ. ಹತ್ತು ಕಟ್ಟಿದ್ದಕ್ಕೆ ಹದಿನೇಳು ಎಂದು ಖುಷಿಯಾಗುತ್ತದೆ. ಅದು ವರ್ಷಕ್ಕೆ ಶೇ 5ರ ಗಳಿಕೆ ಮಾತ್ರ. ಈ ನಡುವೆ ದುಡಿಯುವವರು ತೀರಿಕೊಂಡರೆ ಇಂಥ ಪಾಲಿಸಿಯಲ್ಲಿ ಮನೆಗೆ ಸಿಗುವುದು ಹತ್ತು ಲಕ್ಷದ ಆಸುಪಾಸು. ತಿಂಗಳಿಗೆ 50 ಸಾವಿರ ತರುತ್ತಿದ್ದವರ ಮನೆಗೆ ಅದು ಇಪ್ಪತ್ತು ತಿಂಗಳ ಸಂಬಳ.

ಅದೇ 50 ಸಾವಿರವನ್ನು ಬೇರೆ ರೀತಿ ಹಂಚಬಹುದು. ಮೂವತ್ತರ ಆಸುಪಾಸಿನ, ಆರೋಗ್ಯವಾಗಿರುವ, ಬೀಡಿ ಸಿಗರೇಟು ಸೇದದವರಿಗೆ 1 ಕೋಟಿಯ ಟರ್ಮ್ ಪಾಲಿಸಿ ವರ್ಷಕ್ಕೆ ಸುಮಾರು 12 ಸಾವಿರಕ್ಕೆ ಸಿಗುತ್ತದೆ. ಉಳಿದ 38 ಸಾವಿರವನ್ನು ಪಿಪಿಎಫ್‌ಗೆ ಹಾಕಿ. 2020ರ ಏಪ್ರಿಲ್‌ನಿಂದ ಇರುವ ಶೇ 7.1ರ ದರವೇ ಮುಂದುವರಿದರೆ 20 ವರ್ಷಕ್ಕೆ ಸುಮಾರು 16 ಲಕ್ಷ 87 ಸಾವಿರ ಆಗುತ್ತದೆ. ಕೊನೆಯ ಮೊತ್ತ ಎರಡೂ ಕಡೆ ಬಹುತೇಕ ಒಂದೇ. ಆದರೆ ಆ ಇಪ್ಪತ್ತು ವರ್ಷವೂ ಹೆಂಡತಿ ಮಕ್ಕಳ ಬೆನ್ನಿಗೆ 1 ಕೋಟಿ ಇತ್ತು. ವಾಪಸ್ ಬರದ ಆ 12 ಸಾವಿರ ಮಾಡಿದ ಕೆಲಸ ಅದು.

“ಚಿನ್ನ ಯಾವತ್ತೂ ಕೈ ಬಿಡಲ್ಲ”

ಚಿನ್ನ ಕಷ್ಟಕಾಲಕ್ಕೆ ಗಿರವಿಗಾದರೂ ಆಗುತ್ತದೆ ಎಂಬ ಅಮ್ಮಂದಿರ ಮಾತು ಸರಿಯೇ. ಒಡವೆಯನ್ನು ಹೂಡಿಕೆ ಎಂದುಕೊಳ್ಳುವುದರಲ್ಲಿ ತಪ್ಪಿದೆ. 1 ಲಕ್ಷದ ಚಿನ್ನಕ್ಕೆ ಶೇ 12 ಮಜೂರಿ, ಅದರ ಮೇಲೆ ಶೇ 3 ಜಿಎಸ್‌ಟಿ ಸೇರಿದರೆ ಕೈಯಿಂದ ಹೋಗುವುದು 1,15,360. ಮಾರುವಾಗ ಮಜೂರಿಯೂ ಇಲ್ಲ, ತೆರಿಗೆಯೂ ಇಲ್ಲ, ಚಿನ್ನದ ಬೆಲೆ ಮಾತ್ರ. ಬೆಲೆ ಶೇ 15 ಏರಿದರೂ ನೀವು ಹೊರಟ ಜಾಗದಲ್ಲೇ ಇರುತ್ತೀರಿ. ಇನ್ನು ಬೆಲೆ ಯಾವಾಗಲೂ ಏರುತ್ತದೆಂಬುದೂ ಪೂರ್ತಿ ನಿಜವಲ್ಲ: 2012ರ ಕೊನೆಗೆ 10 ಗ್ರಾಂಗೆ 31 ಸಾವಿರದ ಆಸುಪಾಸಿದ್ದ ದರ 2018ರಲ್ಲೂ ಅಲ್ಲೇ ಸುತ್ತಾಡುತ್ತಿತ್ತು. ಮದುವೆಗೆ ಬೇಕಾದಷ್ಟು ಒಡವೆ ಸಂತೋಷದಿಂದ ಕೊಳ್ಳಿ, ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದೆಯೇ ನೋಡಿ. ಉಳಿತಾಯದ ಹಣವನ್ನು ಮಾತ್ರ ಅದಕ್ಕೆ ಸುರಿಯಬೇಡಿ.

“ಬೋರ್ಡ್ ಮೇಲೆ ಸಹಕಾರಿ ಅಂತಿದೆ, ಸರ್ಕಾರ ನೋಡಿಕೊಳ್ಳುತ್ತೆ”

ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಗೆ ನಿವೃತ್ತಿಯ ಹಣವೆಲ್ಲ ಒಂದೇ ಕಡೆ ಇಡುವವರು ಇಲ್ಲಿ ಎಡವುತ್ತಾರೆ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮಾ ನಿಗಮ ಕೊಡುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಗರಿಷ್ಠ 5 ಲಕ್ಷ. 2020ರ ಫೆಬ್ರುವರಿ 4ರವರೆಗೆ ಅದು 1 ಲಕ್ಷವೇ ಇತ್ತು. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಹಂಚಿಟ್ಟರೂ ಲೆಕ್ಕ ಒಂದೇ. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರು ತೆಗೆಯಬಹುದಾಗಿದ್ದದ್ದು 35 ಸಾವಿರ ರೂಪಾಯಿ. ಸಾಲಿನಲ್ಲಿ ನಿಂತವರಲ್ಲಿ ಹಿರಿಯ ನಾಗರಿಕರೇ ಬಹಳ.

ಅದಾದರೂ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದ್ದ ಬ್ಯಾಂಕ್, ವಿಮೆ ಅನ್ವಯಿಸುತ್ತಿತ್ತು. ಬೀದಿಗೊಂದರಂತೆ ಇರುವ ಪತ್ತಿನ ಸಹಕಾರ ಸಂಘಗಳು, ಬ್ಯಾಂಕಿಂಗ್ ಲೈಸೆನ್ಸ್ ಇಲ್ಲದ ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಅನ್ವಯಿಸುವುದೇ ಇಲ್ಲ. ಅಲ್ಲಿ ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಎಷ್ಟೋ ಇವೆ. ಆದರೂ ಕಳೆದುಕೊಂಡರೆ ಊಟಕ್ಕೆ ತೊಂದರೆಯಾಗುವಷ್ಟು ಹಣವನ್ನು ಅಲ್ಲಿಡುವುದು ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ.

“ಜಾಮೀನು ತಾನೇ, ಬರೀ ಒಂದು ಸಹಿ”

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಕೆಡಿಸಿರುವ ನಂಬಿಕೆ ಇದು. ಸಾಲ ತಗೊಂಡವರು ಕಟ್ಟದಿದ್ದರೆ ಮೊದಲು ಅವರ ಆಸ್ತಿ ಹೋಗುತ್ತದೆ, ನಮ್ಮ ಸರದಿ ಕೊನೆಗೆ ಎಂದು ಜನ ತಿಳಿದಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಹೇಳುವುದೇ ಬೇರೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಸಾಲಗಾರರ ಮೇಲೆ ಮೊದಲು ದಾವೆ ಹೂಡದೆಯೂ ಬ್ಯಾಂಕ್ ನೇರವಾಗಿ ಜಾಮೀನುದಾರರ ಬಳಿ ಬರಬಹುದು. ಆ ಸಾಲ ನಿಮ್ಮ ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿಯಲ್ಲೂ ಕಾಣುತ್ತದೆ. ಅವರು ಕಂತು ತಪ್ಪಿಸಿದ ಕಲೆ ನಾಳೆ ನಿಮ್ಮ ಮಗನ ಶಿಕ್ಷಣ ಸಾಲಕ್ಕೆ ನೀವು ಸಹಿ ಹಾಕಲು ಹೋದಾಗ ಅಡ್ಡ ಬರುತ್ತದೆ. ಒಮ್ಮೆ ಹಾಕಿದ ಸಹಿಯನ್ನು ಸಂಬಂಧ ಕೆಟ್ಟಿತೆಂದು ಹಿಂದಕ್ಕೆ ಪಡೆಯಲೂ ಆಗದು, ಬ್ಯಾಂಕ್ ಒಪ್ಪಬೇಕು.

ನೆಂಟರಿಗೆ, ಸ್ನೇಹಿತರಿಗೆ ಆಗಬಾರದೇ ಎಂದು ಕೇಳಬಹುದು. ಖಂಡಿತ ಆಗಬೇಕು. ಕೈಲಾದ ಹತ್ತೋ ಇಪ್ಪತ್ತೋ ಸಾವಿರವನ್ನು ವಾಪಸ್ ಬರದಿದ್ದರೂ ಸರಿ ಎಂದು ಕೊಟ್ಟುಬಿಡಿ, ಸಂಬಂಧವೂ ಉಳಿಯುತ್ತದೆ. ಜಾಮೀನೇ ಹಾಕಬೇಕಾಗಿ ಬಂದರೆ ಆ ಪೂರ್ತಿ ಮೊತ್ತ ನಾನೇ ಕಟ್ಟಬಲ್ಲೆನೇ ಎಂದು ಕೇಳಿಕೊಳ್ಳಿ, ಮನೆಯವರಿಗೆ ಹೇಳದೆ ಸಹಿ ಮಾಡಬೇಡಿ. ಹಿಂದೆ ಯಾರಿಗಾದರೂ ಹಾಕಿದ್ದು ನೆನಪಿದ್ದರೆ ಆ ಸಾಲ ಈಗ ಯಾವ ಸ್ಥಿತಿಯಲ್ಲಿದೆ ಎಂದು ಈ ವಾರವೇ ನೋಡಿ. ಸಿಬಿಲ್ ಸೇರಿ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡುತ್ತವೆ, ನಿಮ್ಮ ವರದಿಯನ್ನು ನೀವೇ ತೆಗೆದು ನೋಡಿದರೆ ಸ್ಕೋರ್ ಇಳಿಯುವುದಿಲ್ಲ.