ಸೂಜಿ ಮನೆಗೆ ಬಂದ ದಾರಿ

ದಿನವೂ ಇನ್ಸುಲಿನ್ ಹಾಕಿಕೊಳ್ಳುವವರನ್ನು ‘ಎಲ್ಲಿ ಚುಚ್ಚಿಕೊಳ್ಳುತ್ತೀರಿ?’ ಎಂದು ಕೇಳಿ ನೋಡಿ. ಅನೇಕರ ಬೆರಳು ಯೋಚನೆಯೇ ಇಲ್ಲದೆ ಹೊಕ್ಕುಳಿನ ಪಕ್ಕದ ಒಂದೇ ಜಾಗಕ್ಕೆ ಹೋಗುತ್ತದೆ. ‘ಇಲ್ಲಿ ನೋವೇ ಆಗಲ್ಲ’ ಎಂಬ ಕಾರಣವೂ ಸಿದ್ಧವಾಗಿರುತ್ತದೆ. ಸೂಜಿ, ಸಿರಿಂಜು, ಔಷಧಿ ಎಲ್ಲವೂ ನೂರು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿವೆ. ಬದಲಾಗದೆ ಉಳಿದದ್ದು ಈ ಬೆರಳಿನ ಅಭ್ಯಾಸ.

1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್‌ನ ಮೊದಲ ಇಂಜೆಕ್ಷನ್ ಕೊಟ್ಟರು. ಮದ್ದು ಶುದ್ಧವಾಗಿರಲಿಲ್ಲ, ಚುಚ್ಚಿದಲ್ಲಿ ಬಾವು ಎದ್ದಿತು. ಅದೇ ತಂಡದ ಜೀವರಸಾಯನ ವಿಜ್ಞಾನಿ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು 23ರಂದು ಕೊಟ್ಟಾಗ ಹುಡುಗ ಚೇತರಿಸಿಕೊಳ್ಳತೊಡಗಿದ. ಆಗಲೇ ಹೊಸ ಪೇಚು ಶುರುವಾಯಿತು. ಇದು ವಾಸಿ ಮಾಡುವ ಮದ್ದಲ್ಲ, ಬದುಕಿರುವವರೆಗೆ ದಿನವೂ ಬೇಕಾದ ಮದ್ದು. ರೋಗಿಯನ್ನು ಆಯುಷ್ಯವಿಡೀ ವಾರ್ಡಿನಲ್ಲಿ ಇಟ್ಟುಕೊಳ್ಳುವ ಆಸ್ಪತ್ರೆ ಎಲ್ಲಿದೆ? ಸೂಜಿ ಮನೆಗೆ ಹೋಗಲೇಬೇಕಿತ್ತು. ಅದಕ್ಕೆ ಮೊದಲು ಮನೆಯಲ್ಲಿ ತಾವೇ ಚುಚ್ಚಿಕೊಳ್ಳುತ್ತಿದ್ದವರೆಂದರೆ ಮುಖ್ಯವಾಗಿ ಮಾರ್ಫಿನ್ ಚಟದವರು. ಹಾಗಾಗಿ ಮನೆಯ ಸೂಜಿಗೆ ಅಂಥ ಒಳ್ಳೆಯ ಹೆಸರೇನೂ ಇರಲಿಲ್ಲ.

ಅದೇ ವರ್ಷದ ಆಗಸ್ಟ್ 7ರಂದು ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ ತಮ್ಮ ಮೊದಲ ಇನ್ಸುಲಿನ್ ಇಂಜೆಕ್ಷನ್ ಕೊಟ್ಟದ್ದು ಎಲಿಜಬೆತ್ ಮಡ್ಜ್ ಎಂಬ ನರ್ಸಿಗೆ. ರೋಗಿಯೇ ಅರ್ಧ ವೈದ್ಯನಾಗದೆ ಈ ಕಾಯಿಲೆ ಹತೋಟಿಗೆ ಬರುವುದಿಲ್ಲ ಎಂದು ಜೋಸ್ಲಿನ್ ಹಟ ಹಿಡಿದು ಕಲಿಸಿದರು. ಆಗಿನ ಮದ್ದು ತೀರ ತೆಳು, ಪ್ರತಿ ಸಲವೂ ಹೆಚ್ಚು ಪ್ರಮಾಣ ತುಂಬಬೇಕಿತ್ತು. ಗಾಜಿನ ಸಿರಿಂಜನ್ನೂ ಉಕ್ಕಿನ ಸೂಜಿಯನ್ನೂ ಅಡುಗೆಮನೆಯ ಒಲೆಯ ಮೇಲೆ ಕುದಿಸಬೇಕು. ಮೊಂಡಾದ ಸೂಜಿಯನ್ನು ಸಾಣೆ ಹಿಡಿಯಬೇಕು. ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಿರಿಂಜು ಮನೆಮನೆಗೆ ಬರುವವರೆಗೆ ದಶಕಗಟ್ಟಲೆ ಜನ ಇದನ್ನೇ ಮಾಡಿಕೊಂಡು ಬದುಕಿದರು.

ಆಗ ಕಲಿತ ಕ್ರಮದ ಬಹುಪಾಲು ಸೀಸೆಯಿಂದ ಇನ್ಸುಲಿನ್ ತೆಗೆಯುವವರಿಗೆ ಇವತ್ತಿಗೂ ಬೇಕು. ಕೈ ತೊಳೆಯಬೇಕು. ಮೋಡದಂತಿರುವ ಇನ್ಸುಲಿನ್ ಆದರೆ ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು, ಕುಲುಕಬಾರದು. ಎಷ್ಟು ಯೂನಿಟ್ ತೆಗೆಯಬೇಕೋ ಅಷ್ಟೇ ಗಾಳಿಯನ್ನು ಮೊದಲು ಸೀಸೆಯೊಳಗೆ ತಳ್ಳಬೇಕು. ಇಲ್ಲದಿದ್ದರೆ ಒಳಗೆ ನಿರ್ವಾತವಾಗಿ ಮದ್ದು ಸರಿಯಾಗಿ ಬರುವುದಿಲ್ಲ. ಸಿರಿಂಜಿನಲ್ಲಿ ಕಂಡ ಗುಳ್ಳೆಗೆ ಹಲವರು ಹೆದರುತ್ತಾರೆ. ಚರ್ಮದಡಿಗೆ ಹೋದ ಚೂರು ಗಾಳಿ ಅಪಾಯವಲ್ಲ. ಗುಳ್ಳೆ ಕೂತಷ್ಟು ಜಾಗದ ಮದ್ದು ಕಡಿಮೆಯಾಯಿತಲ್ಲ, ಅದು ತೊಂದರೆ.

ನಿಜಕ್ಕೂ ಹೆದರಬೇಕಾದದ್ದು ಸಿರಿಂಜಿನ ಗೆರೆಗಳಿಗೆ. ಹಲವು ದೇಶಗಳು ಒಂದು ಎಂ.ಎಲ್.ಗೆ 100 ಯೂನಿಟ್‌ನ ಇನ್ಸುಲಿನ್‌ಗೆ ಪೂರ್ತಿ ಬದಲಾದವು. ನಮ್ಮಲ್ಲಿ 40 ಯೂನಿಟ್‌ನ ಸೀಸೆಯೂ ಉಳಿಯಿತು, ಇನ್ಸುಲಿನ್ ಪೆನ್ನಿಗೆ ಹಾಕುವ 100 ಯೂನಿಟ್‌ನ ಕಾರ್ಟ್ರಿಡ್ಜೂ ಬಂತು. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಮೆಡಿಕಲ್ ಶಾಪಿನವರು ಕೊಟ್ಟದ್ದನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳುವ ಮುನ್ನ ಸೀಸೆ, ಸಿರಿಂಜು ಎರಡರ ಮೇಲಿನ ಸಂಖ್ಯೆಯನ್ನೂ ನೋಡಬೇಕಾದದ್ದು ಇದಕ್ಕೇ.

ಪೆನ್ನಿನ ಕಥೆಯಲ್ಲಿ ಒಬ್ಬ ತಾಯಿ ಇದ್ದಾರೆ. ಸ್ಕಾಟ್‌ಲೆಂಡಿನ ವೈದ್ಯೆ ಶೀಲಾ ರೀತ್ ಅವರ ಮಗಳಿಗೆ ಎಳವೆಯಲ್ಲೇ ಡಯಾಬಿಟಿಸ್. ಪ್ರಯಾಣದ ಮಧ್ಯೆ ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಶೌಚಾಲಯದಲ್ಲಿ ಸೀಸೆ, ಸಿರಿಂಜು ಹರಡಿಕೊಂಡು ಮಗುವಿಗೆ ಇಂಜೆಕ್ಷನ್ ಕೊಡಬೇಕಾಗಿ ಬಂದದ್ದು ಅವರ ತಲೆಯಲ್ಲಿ ಕೂತುಬಿಟ್ಟಿತು. ಸಹೋದ್ಯೋಗಿಗಳ ಜೊತೆ ಸೇರಿ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಸಿರಿಂಜೊಂದನ್ನು ರೂಪಿಸಿ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1985ರಲ್ಲಿ ಡೆನ್ಮಾರ್ಕಿನ ನೋವೊ ಕಂಪನಿಯ ಪೆನ್ನು ಮಾರುಕಟ್ಟೆಗೆ ಬಂತು. ಸೂಜಿಯ ಉದ್ದವೂ ಇಳಿಯುತ್ತ ಇಳಿಯುತ್ತ ಈಗ 4 ಮಿ.ಮೀ.ಗೆ ಬಂದು ನಿಂತಿದೆ.

ಮದ್ದೂ ಬದಲಾಯಿತು. ಹಿಂದೆ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್‌ನಲ್ಲಿ ಬೇಡದ ಅಂಶಗಳಿದ್ದವು. ಅದರಿಂದ ಕೆಲವರಿಗೆ ಚುಚ್ಚಿದ ಕಡೆ ಕೊಬ್ಬು ಕರಗಿ ತೊಡೆ, ತೋಳುಗಳಲ್ಲಿ ಗುಂಡಿ ಬೀಳುತ್ತಿತ್ತು. ಶುದ್ಧ ಇನ್ಸುಲಿನ್ ಬಂದಮೇಲೆ, ಆಮೇಲೆ ಸೂಕ್ಷ್ಮಾಣುಜೀವಿಗಳಿಂದ ಮಾನವ ಇನ್ಸುಲಿನ್ ತಯಾರಾದಮೇಲೆ, ಗುಂಡಿ ಅಪರೂಪವಾಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದದ್ದು ಪಿಕಿಯಾ ಎಂಬ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್.

ಗುಂಡಿ ಹೋಯಿತು, ಗಂಟು ಉಳಿಯಿತು. ಕೊಬ್ಬನ್ನು ಕೂಡಿಸಿಡು ಎಂದು ಕೊಬ್ಬಿನ ಕೋಶಕ್ಕೆ ಹೇಳುವುದು ಇನ್ಸುಲಿನ್‌ನ ಸಹಜ ಕೆಲಸ. ದಿನವೂ ಒಂದೇ ಜಾಗದಲ್ಲಿ ಚುಚ್ಚಿದರೆ ಅಲ್ಲಿನ ಕೋಶಗಳು ಊದಿ ರಬ್ಬರಿನಂಥ ದಪ್ಪ ಬೆಳೆಯುತ್ತದೆ. ಅಲ್ಲಿ ಸ್ಪರ್ಶ ಮಂದ, ನೋವು ಕಡಿಮೆ. ಹಾಗಾಗಿ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಆದರೆ ಗಂಟಿನೊಳಗಿನ ಮದ್ದು ಒಮ್ಮೆ ನಿಧಾನವಾಗಿ, ಒಮ್ಮೆ ಬೇಗ ರಕ್ತ ಸೇರುತ್ತದೆ. ಊಟ ಅದೇ, ಡೋಸ್ ಅದೇ, ಶುಗರ್ ಮಾತ್ರ ಏರಿಳಿಯುತ್ತಿದ್ದರೆ ಡೋಸ್ ಏರಿಸುವ ಮೊದಲು ಅಂಗಿ ಸರಿಸಿ ಹೊಟ್ಟೆ ಮುಟ್ಟಿ ನೋಡಬೇಕು. ಗಡಿಬಿಡಿಯ ಓಪಿಡಿಯಲ್ಲಿ ಇದು ಆಗಾಗ ತಪ್ಪಿಹೋಗುತ್ತದೆ. ಸ್ನಾನದ ವೇಳೆ ಸೋಪಿನ ಕೈಯಾಡಿಸಿ ತಾವೇ ನೋಡಿಕೊಳ್ಳಬಹುದು.

ಜಾಗ ಬದಲಿಸಲು ಹೆಚ್ಚಿನ ವಿದ್ಯೆ ಬೇಕಿಲ್ಲ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ. ಅದರೊಳಗೂ ಹಿಂದಿನ ಚುಚ್ಚಿನಿಂದ ಒಂದು ಬೆರಳಿನಗಲ ದೂರ. ತೊಡೆಯನ್ನಾದರೆ ಎರಡು ಭಾಗ. ಇವತ್ತು ಬೆಳಿಗ್ಗೆ ಹೊಟ್ಟೆ, ನಾಳೆ ಬೆಳಿಗ್ಗೆ ತೊಡೆ ಎಂದು ಮನಬಂದಂತೆ ಹಾರಬಾರದು. ಹಳೆಯ ಬಗೆಯ ಇನ್ಸುಲಿನ್ ಹೊಟ್ಟೆಯಿಂದ ಬೇಗ, ತೊಡೆಯಿಂದ ನಿಧಾನವಾಗಿ ರಕ್ತ ಸೇರುವುದರಿಂದ ಯಾವ ಹೊತ್ತಿಗೆ ಯಾವ ಅಂಗ ಎಂಬುದು ಒಂದೇ ಇರಬೇಕು.

ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವವರು ಮಾತ್ರ ಅದನ್ನು ಡಾಕ್ಟರಿಗೆ ಹೇಳಿಯೇ ಹೋಗಬೇಕು. ಅಲ್ಲಿ ಮದ್ದು ಪೂರ್ತಿ ಕೆಲಸ ಮಾಡುವುದರಿಂದ ಹಳೆಯ ಡೋಸೇ ಹೆಚ್ಚಾಗಿ ಲೋ ಶುಗರ್ ಆಗಬಹುದು. ಮೊದಲ ದಿನಗಳಲ್ಲಿ ಡೋಸ್ ತಗ್ಗಿಸಿ, ಶುಗರ್ ಮೇಲಿಂದಮೇಲೆ ಪರೀಕ್ಷಿಸಿಕೊಳ್ಳಲು ಹೇಳುತ್ತಾರೆ. ಬಿಟ್ಟ ಗಂಟು ಮೆತ್ತಗಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಜಾಗಕ್ಕೆ ಸೂಜಿ ತಾಕಿಸುವಂತಿಲ್ಲ.