ಅಂಕಿಗಳ ವರ್ಗೀಕರಣ: ದಾವಣಗೆರೆ, ಹರಿಹರಗಳ ನಿದರ್ಶನ

ಸ್ಥಳೀಯ ಚರಿತ್ರೆಯನ್ನು ಬರೆಯುವವರಿಗೆ ಜನಗಣತಿಯ ವರದಿಗಳು ಅಮೂಲ್ಯವಾದ ಆಕರಗಳು. ಆದರೆ ಅವುಗಳಲ್ಲಿ ಎರಡು ಬಗೆಯ ಮಾಹಿತಿಯುಂಟು: ಎಣಿಸಿ ಪಡೆದ ಸಂಖ್ಯೆ ಒಂದು, ಆ ಸಂಖ್ಯೆಗೆ ಕೊಟ್ಟ ವರ್ಗದ ಹೆಸರು ಮತ್ತೊಂದು. ಮೊದಲನೆಯದು ಊರಿನಿಂದ ಬಂದುದು. ಎರಡನೆಯದು ವರ್ಗೀಕರಿಸಿದವನ ಮೇಜಿನಿಂದ ಬಂದುದು. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ನಡೆಯದ ಘಟನೆಗಳು ನಡೆದಂತೆ ತೋರುವುವು.

ಭಾರತದ ಜನಗಣತಿಯು ಪಟ್ಟಣಗಳನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. 1,00,000 ಮತ್ತು ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳವು ಮೊದಲನೆಯ ವರ್ಗ. 50,000ದಿಂದ 99,999ರವರೆಗಿನವು ಎರಡನೆಯದು. ಮುಂದಿನ ಮೂರು ವರ್ಗಗಳು ಕ್ರಮವಾಗಿ 20,000, 10,000 ಮತ್ತು 5,000ದಿಂದ ಆರಂಭವಾಗುತ್ತವೆ. 5,000ಕ್ಕಿಂತ ಕಡಿಮೆಯಾದವು ಆರನೆಯದು. ದಾವಣಗೆರೆಯು 1961ರಲ್ಲಿ ಎರಡನೆಯ ವರ್ಗದಲ್ಲಿದ್ದು, 1971ರಲ್ಲಿ ಮೊದಲನೆಯದಕ್ಕೆ ಏರಿತು. ಹತ್ತಿಯ ಗಿರಣಿಗಳೂ ವ್ಯಾಪಾರವೂ ದಶಕಗಳ ಕಾಲ ಬೆಳೆಸಿದ ನಗರವದು. ಬೆಳವಣಿಗೆ ಮೆಲ್ಲಮೆಲ್ಲನೆ ನಡೆಯಿತು; ಜಿಗಿದುದು ವರ್ಗದ ಹೆಸರು ಮಾತ್ರ.

2011ರ ಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ 4,34,000ವನ್ನು ಮೀರಿತ್ತು; ಹರಿಹರದ್ದು ಸುಮಾರು 83,000. ಜನಗಣತಿಯ ದೃಷ್ಟಿಯಲ್ಲಿ ದಾವಣಗೆರೆಯು ಬೆಂಗಳೂರಿನೊಡನೆ ಮೊದಲನೆಯ ವರ್ಗಕ್ಕೆ ಸೇರಿದರೆ, ಹರಿಹರವು ಎರಡನೆಯದಕ್ಕೆ ಸೇರುತ್ತದೆ. ಕೇಂದ್ರ ಸರ್ಕಾರವು ತನ್ನ ನೌಕರರ ಮನೆ ಬಾಡಿಗೆ ಭತ್ಯೆಗಾಗಿ ಮಾಡಿಕೊಂಡಿರುವ ವಿಂಗಡಣೆಯಲ್ಲಾದರೋ 5 ಲಕ್ಷ ಮತ್ತು 50 ಲಕ್ಷ ಎಂಬ ಎರಡೇ ಗಡಿಗಳು. ಅಲ್ಲಿ ದಾವಣಗೆರೆ, ಹರಿಹರಗಳೆರಡೂ ಕೊನೆಯ ವರ್ಗದಲ್ಲಿಯೇ ಕೂಡಿವೆ. ಜನರ ಸಂಖ್ಯೆ ಬದಲಾಗಲಿಲ್ಲ, ಗಡಿ ಬದಲಾಯಿತು. ಅದರೊಡನೆ ನೌಕರನ ಕೈಸೇರುವ ಹಣವೂ ನಿರ್ಧಾರವಾಯಿತು.

ಈ ಕೆಲಸವನ್ನು ಈಗ ಕಂಪ್ಯೂಟರಿಗೆ ಒಪ್ಪಿಸುತ್ತೇವೆ. ಸಂಖ್ಯಾಶಾಸ್ತ್ರಜ್ಞರು ಬಳಸುವ 'ಆರ್' ಭಾಷೆಯಲ್ಲಿ ಇದಕ್ಕೆ 'ಕಟ್' ಎಂಬ ಆದೇಶವಿದೆ. ನಾವು ಬೇರೆ ಹೇಳದಿದ್ದರೆ ಅದು ಪ್ರತಿ ವರ್ಗಾಂತರದ ಮೇಲಿನ ಗಡಿಯನ್ನು ಒಳಗೊಂಡು ಕೆಳಗಿನ ಗಡಿಯನ್ನು ಹೊರಗಿಡುತ್ತದೆ. ಆದುದರಿಂದ ಸರಿಯಾಗಿ 1,00,000 ಜನರಿರುವ ಪಟ್ಟಣವು ಜನಗಣತಿಯ ನಿಯಮಕ್ಕೆ ವಿರುದ್ಧವಾಗಿ ಎರಡನೆಯ ವರ್ಗಕ್ಕೆ ಬೀಳುತ್ತದೆ. 'ರೈಟ್' ಎಂಬುದಕ್ಕೆ 'ಫಾಲ್ಸ್' ಎಂದು ಸೂಚಿಸಿದರೆ ಈ ದೋಷ ನಿವಾರಣೆಯಾಗುವುದು. ಕೊನೆಯ ಗಡಿಯನ್ನು ಅನಂತವೆಂದು ಕೊಡದೆ 4,00,000 ಎಂದು ಕೊಟ್ಟರೆ ದಾವಣಗೆರೆಗೆ ಯಾವ ವರ್ಗವೂ ದೊರೆಯುವುದಿಲ್ಲ; ಯಂತ್ರವು ಎಚ್ಚರಿಕೆಯನ್ನೂ ನೀಡದೆ ಆ ಸ್ಥಾನವನ್ನು 'ಅಲಭ್ಯ'ವೆಂದು ಗುರುತಿಸುತ್ತದೆ.

ಗಡಿಗಳನ್ನು ಹೇಳದೆ 'ಆರು ವರ್ಗ' ಎಂದಷ್ಟೇ ಹೇಳಿದರೆ ಯಂತ್ರವು ಅತಿ ಕಡಿಮೆ ಮತ್ತು ಅತಿ ಹೆಚ್ಚು ಬೆಲೆಗಳ ನಡುವಿನ ಅಂತರವನ್ನು ಸಮನಾಗಿ ಹಂಚುತ್ತದೆ. ಸುಮಾರು 84 ಲಕ್ಷ ಜನರಿದ್ದ ಬೆಂಗಳೂರು ಪಟ್ಟಿಯಲ್ಲಿದ್ದರೆ ಒಂದೊಂದು ವರ್ಗದ ಅಗಲ ಸುಮಾರು 14 ಲಕ್ಷವಾಗುವುದು. ಆಗ ಮೈಸೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಹರಿಹರ ಎಲ್ಲವೂ ಒಂದೇ ಗುಂಪಿಗೆ ಸೇರಿ, ನಡುವಿನ ನಾಲ್ಕು ವರ್ಗಗಳು ಬರಿದಾಗುತ್ತವೆ.

ಆದಕಾರಣ ವಿದ್ಯಾರ್ಥಿಗಳು ಮೂರು ನಿಯಮಗಳನ್ನು ಪಾಲಿಸುವುದು ಲೇಸು. ಮೂಲ ಸಂಖ್ಯೆಯನ್ನು ಅಳಿಸದೆ ವರ್ಗವನ್ನು ಬೇರೊಂದು ಅಂಕಣದಲ್ಲಿ ಬರೆಯಬೇಕು. ಗಡಿಗಳನ್ನೂ ಯಾವ ತುದಿ ಒಳಗೆ ಸೇರಿದೆಯೆಂಬುದನ್ನೂ ಕೋಷ್ಟಕದ ಕೆಳಗೆ ನಮೂದಿಸಬೇಕು. ಗಡಿಗಳನ್ನು ತುಸು ಸರಿಸಿದಾಗಲೂ ತಮ್ಮ ತೀರ್ಮಾನ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಗಡಿ ಸರಿದೊಡನೆ ಕುಸಿಯುವ ತೀರ್ಮಾನವು ಊರನ್ನು ಕುರಿತದ್ದಲ್ಲ, ಗಡಿಯನ್ನು ಕುರಿತದ್ದು.