ಅಂತಿಯೋಕ್ಯದ ಎಂಟು ಉಪದೇಶಗಳು

ಕ್ರಿ.ಶ. 386ರ ಶರತ್ಕಾಲ. ರೋಮನ್ ಚಕ್ರಾಧಿಪತ್ಯದ ಪೂರ್ವಭಾಗದಲ್ಲಿ ಸಿರಿಯ ಪ್ರಾಂತದ ಮುಖ್ಯನಗರವಾಗಿದ್ದ ಅಂತಿಯೋಕ್ಯದಲ್ಲಿ, ಅದೇ ವರ್ಷ ಪಾದ್ರಿಯ ದೀಕ್ಷೆ ಪಡೆದ ಯೋಹಾನನೆಂಬುವನು ಬೇರೊಂದು ಉಪದೇಶಮಾಲೆಯನ್ನು ನಡುವೆಯೇ ನಿಲ್ಲಿಸಿ ಯೆಹೂದ್ಯಾಚರಣೆಗಳ ಖಂಡನೆಗೆ ತೊಡಗಿದನು. ಯೆಹೂದ್ಯರ ಹಬ್ಬಗಳು ಸಮೀಪಿಸಿದ್ದುದೇ ಈ ಅವಸರಕ್ಕೆ ಕಾರಣ. ಮುಂದೆ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಪದವಿಗೇರಿದ ಈತನಿಗೆ ಕಾಲಾಂತರದಲ್ಲಿ 'ಸ್ವರ್ಣಮುಖ' ಎಂಬರ್ಥದ ಕ್ರಿಸೊಸ್ಟೊಮ್ ಎಂಬ ಬಿರುದು ಸಂದಿತು. 387ರವರೆಗೆ ಸಾಗಿದ ಈ ಖಂಡನೆಯ ಎಂಟು ಉಪದೇಶಗಳು ನಮಗೆ ದೊರೆತಿವೆ.

ಅವುಗಳಲ್ಲಿನ ನಿಂದೆ ಕ್ರೂರವಾದುದು. ಮುಂದಿನ ಶತಮಾನಗಳ ಯೆಹೂದ್ಯದ್ವೇಷಕ್ಕೆ ಅದು ಆಯುಧವಾಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಮಾತುಗಳನ್ನು ಎದುರಿಗೆ ಕುಳಿತು ಕೇಳಿದವರು ಯಾರು? ಅವನ ಸಭೆಯ ಕ್ರೈಸ್ತರೇ. ಅವರಲ್ಲಿ ಕೆಲವರು ಸಭಾಮಂದಿರಕ್ಕೆ ಹೋಗಿ ಹೊಸ ವರ್ಷದ ಕಹಳೆಯ ನಾದವನ್ನು ಕೇಳುತ್ತಿದ್ದರು, ಯೆಹೂದ್ಯರೊಡನೆ ಉಪವಾಸ ಹಿಡಿಯುತ್ತಿದ್ದರು, ಪರ್ಣಶಾಲೆಗಳ ಹಬ್ಬದಲ್ಲಿಯೂ ಸೇರುತ್ತಿದ್ದರು. ನಗರದ ಹೊರವಲಯವಾದ ದಾಫ್ನೆಯಲ್ಲಿ 'ಮತ್ರೋನ' ಎಂಬ ಸ್ಥಳವಿದ್ದಿತು; ರೋಗ ವಾಸಿಯಾಗಲೆಂದು ಅಲ್ಲಿ ರಾತ್ರಿ ಮಲಗುವ ಪದ್ಧತಿ ಕ್ರೈಸ್ತರಲ್ಲಿಯೂ ಇದ್ದಿತು.

ಯೋಹಾನನು ತಾನೇ ಕಂಡ ಪ್ರಸಂಗವೊಂದನ್ನು ಹೇಳುತ್ತಾನೆ. ಕ್ರೈಸ್ತನೆನಿಸಿಕೊಂಡ ಒಬ್ಬನು, ಯಾವುದೋ ವ್ಯಾಜ್ಯದ ಸಂಬಂಧವಾಗಿ, ಕ್ರೈಸ್ತಸ್ತ್ರೀಯೊಬ್ಬಳನ್ನು ಪ್ರಮಾಣ ಮಾಡಿಸಲು ಸಭಾಮಂದಿರಕ್ಕೆ ಬಲಾತ್ಕಾರದಿಂದ ಎಳೆದೊಯ್ಯುತ್ತಿದ್ದನು. ಯೋಹಾನನು ಆಕೆಯನ್ನು ಬಿಡಿಸಿ, ಇಲ್ಲಿಗೇ ಏಕೆ ಕರೆತಂದೆಯೆಂದು ವಿಚಾರಿಸಿದಾಗ, ಅಲ್ಲಿ ಇಟ್ಟ ಆಣೆಗೆ ಭಯ ಹೆಚ್ಚೆಂದು ಹಲವರು ಹೇಳಿದ್ದಾರೆಂಬ ಉತ್ತರ ಬಂದಿತು. ಇಬ್ಬರೂ ಕ್ರೈಸ್ತರು, ವ್ಯಾಜ್ಯ ಅವರಿಬ್ಬರದೇ; ಆಣೆಗೆ ಮಾತ್ರ ಯೆಹೂದ್ಯರ ಮಂದಿರ ಬೇಕಾಯಿತು! ಮತಪಂಡಿತರು ಎಳೆದ ಗೆರೆ ಪೇಟೆಬೀದಿಯ ವ್ಯವಹಾರವನ್ನು ಎಷ್ಟುಮಟ್ಟಿಗೆ ಮುಟ್ಟಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ವಿರಳ. ಕೊನೆಯ ಉಪದೇಶದಲ್ಲಂತೂ ಅವನು, ಎಷ್ಟು ಮಂದಿ ಉಪವಾಸ ಹಿಡಿದರೆಂಬ ಸುದ್ದಿಯನ್ನು ಊರೆಲ್ಲ ಹಬ್ಬಿಸಬೇಡಿರೆಂದು ಕೇಳಿಕೊಳ್ಳುತ್ತಾನೆ. ಸಂಖ್ಯೆ ಅಲ್ಪವಾಗಿದ್ದರೆ ಈ ಎಚ್ಚರಿಕೆ ಅನಾವಶ್ಯಕವಾಗಿತ್ತು.

ಇದು ಅಂತಿಯೋಕ್ಯಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಅದೇ ಶತಮಾನದಲ್ಲಿ ಫ್ರಿಜಿಯದ ಲವೊದಿಕೀಯದಲ್ಲಿ ಸೇರಿದ ಧರ್ಮಸಭೆಯು, ಕ್ರೈಸ್ತರು ಸಬ್ಬತ್ ದಿನ ಕೆಲಸ ಬಿಡಬಾರದೆಂದೂ ಯೆಹೂದ್ಯರಿಂದ ಹುಳಿಯಿಲ್ಲದ ರೊಟ್ಟಿಯನ್ನು ಸ್ವೀಕರಿಸಬಾರದೆಂದೂ ವಿಧಿಸಿತು. ರೊಟ್ಟಿಯನ್ನು ಕೊಡುವ ನೆರೆಯವರೂ ಕೊಳ್ಳುವ ನೆರೆಯವರೂ ಇದ್ದುದರಿಂದಲೇ ಈ ನಿಷೇಧ ಹುಟ್ಟಿರಬೇಕು.

ರಾಜ್ಯದ ನಿಲುವು ಡೋಲಾಯಮಾನವಾಗಿದ್ದಿತು. 388ರಲ್ಲಿ ಯೂಫ್ರಟಿಸ್ ತೀರದ ಕಲ್ಲಿನಿಕಮ್‌ನಲ್ಲಿ ಕ್ರೈಸ್ತರು ಸಭಾಮಂದಿರವನ್ನು ಸುಟ್ಟರು. ಅಲ್ಲಿನ ಬಿಷಪನೇ ಅದನ್ನು ಕಟ್ಟಿಸಿಕೊಡಬೇಕೆಂದು ಚಕ್ರವರ್ತಿ ಥಿಯೊಡೋಸಿಯಸ್ ಆಜ್ಞಾಪಿಸಿದನು. ಮಿಲಾನಿನ ಬಿಷಪ್ ಅಂಬ್ರೋಸನ ಒತ್ತಾಯಕ್ಕೆ ಮಣಿದು ಆಜ್ಞೆಯನ್ನು ಹಿಂತೆಗೆದುಕೊಂಡನು. ಆದರೂ 393ರಲ್ಲಿ, ಯೆಹೂದ್ಯರ ಮತವನ್ನು ಯಾವ ಕಾನೂನೂ ನಿಷೇಧಿಸಿಲ್ಲವೆಂದು ಅವನೇ ಘೋಷಿಸಿದನು. ಅವನ ಮೊಮ್ಮಗ ಎರಡನೆಯ ಥಿಯೊಡೋಸಿಯಸನು 438ರಲ್ಲಿ ಯೆಹೂದ್ಯರಿಗೆ ಸರ್ಕಾರಿ ಅಧಿಕಾರಸ್ಥಾನಗಳನ್ನೂ ಹೊಸ ಮಂದಿರಗಳ ನಿರ್ಮಾಣವನ್ನೂ ನಿಷೇಧಿಸಿದನು.

ಅಂತಿಯೋಕ್ಯದ ದಕ್ಷಿಣಕ್ಕೆ, ಒರಾಂಟಿಸ್ ನದಿಯ ಕಣಿವೆಯ ಅಪಮಿಯದಲ್ಲಿ ಸಭಾಮಂದಿರವೊಂದರ ಬಣ್ಣಗಲ್ಲಿನ ನೆಲಗಟ್ಟು ಉತ್ಖನನದಿಂದ ಬೆಳಕಿಗೆ ಬಂದಿದೆ. ಅಂತಿಯೋಕ್ಯದ ಯೆಹೂದ್ಯಸಭೆಯ ಮುಖಂಡನಾದ ಇಲಾಸಿಯೋಸನು ಪ್ರವೇಶಭಾಗದ ನೆಲವನ್ನು ಮಾಡಿಸಿಕೊಟ್ಟನೆಂದು ಅಲ್ಲಿನ ಗ್ರೀಕ್ ಲೇಖನ ತಿಳಿಸುತ್ತದೆ. ಅದರ ಕಾಲ 391. ಎಂಟು ಉಪದೇಶಗಳು ಮುಗಿದು ನಾಲ್ಕೇ ವರ್ಷ. ಐದನೆಯ ಶತಮಾನದ ಆದಿಯಲ್ಲಿ ಅದೇ ನೆಲದ ಮೇಲೆ ಇಗರ್ಜಿಯೊಂದು ಎದ್ದಿತು.